ಹಿಮದ ಬೇಟೆಗಾರನ ಉಡುಪು

ಚಳಿಗೆ ದಪ್ಪನೆಯ ಬಟ್ಟೆಯೊಂದನ್ನು ತೊಟ್ಟುಕೊಂಡರೆ ಸಾಕೆಂಬುದು ಉಷ್ಣದೇಶದಲ್ಲಿ ಹುಟ್ಟಿ ಬೆಳೆದ ನಮ್ಮಂಥವರ ಸಹಜವಾದ ಎಣಿಕೆ. ವರ್ಷದಲ್ಲಿ ಒಂದೆರಡು ತಿಂಗಳ ಮಟ್ಟಿಗೆ, ಅದೂ ಬೆಳಗಿನ ಜಾವದಲ್ಲಿ ಮಾತ್ರ, ಶಾಲನ್ನೋ ಸ್ವೆಟರನ್ನೋ ಹೊದ್ದು ನಿಶ್ಚಿಂತರಾಗುವ ನಮಗೆ ಅದಕ್ಕಿಂತ ಹೆಚ್ಚಿನದನ್ನು ಆಲೋಚಿಸಬೇಕಾದ ಪ್ರಸಂಗವೇ ಒದಗುವುದಿಲ್ಲ. ಆದರೆ ಚಳಿಗಾಲವೆಂದರೆ ಸೊನ್ನೆಗಿಂತ ಮೂವತ್ತು ನಾಲ್ವತ್ತು ಡಿಗ್ರಿ ಕೆಳಗಿನ ಶೈತ್ಯವೆಂದೇ ಬಲ್ಲ, ಆ ಶೈತ್ಯದಲ್ಲಿಯೇ ಹೊರಗೆ ನಡೆದು ಬೇಟೆಯಾಡಿ ಹೆಂಡಿರು ಮಕ್ಕಳನ್ನು ಪೋಷಿಸುತ್ತ ಬಂದ ಉತ್ತರಧ್ರುವಪ್ರಾಂತದ ಇನುಯಿಟ್ ಜನರ ಉಡುಪನ್ನು ಪರಿಶೀಲಿಸಿ ನೋಡಿದರೆ, ಹೊರಗಿನ ಚಳಿಯನ್ನು ತಡೆಯುವುದಕ್ಕೆ ಅಲ್ಲಿ ಎಷ್ಟು ಜಾಣ್ಮೆ ವ್ಯಯವಾಗಿದೆಯೋ ಒಳಗಿನ ಬೆವರನ್ನು ಹೊರಗೆ ಕಳುಹುವುದಕ್ಕೂ ಅಷ್ಟೇ ಜಾಣ್ಮೆ ವ್ಯಯವಾಗಿರುವುದು ಕಂಡುಬರುತ್ತದೆ. ಹಿಮಭೂಮಿಯ ಬೇಟೆಗಾರನಿಗೆ ಚಳಿಯು ಎದುರಿನ ಶತ್ರುವಾದರೆ ಬೆವರು ಒಳಮನೆಯ ಶತ್ರು. ಉಡುಪನ್ನು ಆರಿಸುವವನು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಎರಡನೆಯದನ್ನು.

ಇದರ ಕಾರಣ ಸರಳವಾದದ್ದು. ಬಟ್ಟೆಯು ತಾನಾಗಿ ಶಾಖವನ್ನು ಕೊಡುವುದಿಲ್ಲ. ಮೈಯಲ್ಲಿ ಹುಟ್ಟಿದ ಶಾಖವು ಹೊರಗೆ ಸೋರಿಹೋಗದಂತೆ ತನ್ನ ಎಳೆಗಳ ನಡುವೆ ಒಂದಿಷ್ಟು ಗಾಳಿಯನ್ನು ಅಲುಗಾಡದಂತೆ ಹಿಡಿದಿಡುವುದಷ್ಟೇ ಅದರ ಕೆಲಸ. ನಿಶ್ಚಲವಾದ ಗಾಳಿಯು ಶಾಖವನ್ನು ಸಾಗಿಸುವುದರಲ್ಲಿ ಬಹಳ ಮಂದ. ನೀರಾದರೋ ಆ ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ಚುರುಕು. ಬೆವರಿನಿಂದ ಒದ್ದೆಯಾದ ಬಟ್ಟೆಯಲ್ಲಿ ಗಾಳಿಯ ಸ್ಥಾನವನ್ನು ನೀರು ಆಕ್ರಮಿಸುವುದರಿಂದ ಎಷ್ಟೇ ದಪ್ಪನಾದ ಅಂಗಿಯೂ ನಿಷ್ಪ್ರಯೋಜಕವಾಗುತ್ತದೆ. ಸಾಲದುದಕ್ಕೆ, ಒಂದು ಗ್ರಾಂ ಬೆವರು ಆವಿಯಾಗಬೇಕಾದರೆ ಅದು ಮೈಯಿಂದ ಸೆಳೆದುಕೊಳ್ಳುವ ಶಾಖದಿಂದ ಮಂಜುಗಡ್ಡೆಯಷ್ಟು ತಣ್ಣನೆಯ ಐದಾರು ಗ್ರಾಂ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ದೇಹದ ಒಳಗಿನ ಉಷ್ಣತೆ 37 ಡಿಗ್ರಿಯಿಂದ 35ಕ್ಕೆ ಇಳಿದರೆ ವೈದ್ಯರು ಅದನ್ನು ಅಪಾಯವೆಂದು ಪರಿಗಣಿಸುತ್ತಾರೆ. ಎರಡೇ ಡಿಗ್ರಿಗಳ ಈ ಅಂತರವನ್ನು ಕಾಯುವುದಕ್ಕಾಗಿಯೇ ಇಷ್ಟೆಲ್ಲ ಸಿದ್ಧತೆ.

ಪರ್ವತಾರೋಹಿಗೂ ಹಿಮದಲ್ಲಿ ದುಡಿಯುವ ಮರಕಡಿಯುವವನಿಗೂ ಇಲ್ಲದ ಒಂದು ವಿಶೇಷ ಸಂಕಟ ಬೇಟೆಗಾರನಿಗೆ ಉಂಟು. ಅವರಿಬ್ಬರೂ ಹೊರಗಿರುವಷ್ಟು ಹೊತ್ತು ಬಹುಪಾಲು ದುಡಿಯುತ್ತಲೇ ಇರುವರು. ಬೇಟೆಗಾರನಾದರೋ ಹೊರೆ ಹೊತ್ತು, ಮೊಣಕಾಲುದ್ದದ ಹಿಮದಲ್ಲಿ ಕಾಲೆಳೆಯುತ್ತ ಗುಡ್ಡವನ್ನು ಹತ್ತಿ, ಸುಮ್ಮನೆ ಕುಳಿತವನ ಮೈಯಲ್ಲಿ ಹುಟ್ಟುವ ಶಾಖದ ಐದಾರು ಪಟ್ಟನ್ನು ಉತ್ಪಾದಿಸಿಕೊಂಡು ಬಂದವನು, ಮೃಗದ ದಾರಿಯನ್ನು ಸೇರಿದ ಕ್ಷಣದಿಂದ ಕೆಮ್ಮಲೂ ಅಂಜಿಕೊಂಡು ಗಂಟೆಗಟ್ಟಲೆ ಕಲ್ಲಿನಂತೆ ಕುಳಿತಿರಬೇಕು. ನಡೆಯುವಾಗ ಹಿತವಾದ ಉಡುಪು ಕುಳಿತಾಗ ಸಾಲದು; ಕುಳಿತಾಗ ಸಾಲುವ ಉಡುಪನ್ನು ತೊಟ್ಟು ನಡೆದರೆ ಬೆವರು ಧಾರೆಯಾಗಿ ಇಳಿದು, ಕುಳಿತೊಡನೆ ಅದೇ ಹೆಪ್ಪುಗಟ್ಟುವುದು. ಒಂದೇ ದಪ್ಪನೆಯ ಕೋಟಿನಿಂದ ಈ ಇಬ್ಬಂದಿ ಬಗೆಹರಿಯದು. ಬೇಕಾದಂತೆ ತೆಗೆದು ಬೇಕಾದಂತೆ ಹಾಕಿಕೊಳ್ಳಬಲ್ಲ ಪದರಗಳ ಉಡುಪು ಹುಟ್ಟಿದ್ದು ಈ ಅಗತ್ಯದಿಂದ.

ಕಾದುಕೊಂಡು ನಿಲ್ಲುವ ಬೇಟೆಯ ಪರಾಕಾಷ್ಠೆಯನ್ನು ನೋಡಬೇಕಾದರೆ ಕೆನಡಾದ ಉತ್ತರದ ಕಿಂಗ್ ವಿಲಿಯಂ ದ್ವೀಪದ ಕಡೆಯ ನೆಟ್ಸಿಲಿಕ್ ಎಂಬ ಇನುಯಿಟ್ ಪಂಗಡದವರ ಸೀಲ್ ಬೇಟೆಯನ್ನು ನೆನೆಯಬೇಕು. ಸಮುದ್ರದ ಮೇಲೆ ಹೆಪ್ಪುಗಟ್ಟಿದ ಹಿಮಫಲಕದ ಅಡಿಯಲ್ಲಿ ಈಜಾಡುವ ಸೀಲ್ ಉಸಿರಾಡುವುದಕ್ಕಾಗಿ ಅಲ್ಲಲ್ಲಿ ರಂಧ್ರಗಳನ್ನು ಕೊರೆದು ಕಾಪಾಡಿಕೊಳ್ಳುತ್ತದೆ. ಅಂಥ ರಂಧ್ರವೊಂದನ್ನು ನಾಯಿಯ ಮೂಗಿನ ಸಹಾಯದಿಂದ ಪತ್ತೆಹಚ್ಚಿದ ಬೇಟೆಗಾರನು, ಹೆಜ್ಜೆಯ ಸದ್ದು ಕೆಳಗಿಳಿಯದಿರಲೆಂದೂ ಅಂಗಾಲು ಮರಗಟ್ಟದಿರಲೆಂದೂ ತೊಗಲಿನ ತುಂಡೊಂದನ್ನು ಹಾಸಿಕೊಂಡು ಅದರ ಮೇಲೆ ನಿಂತು, ಸೊಂಟವನ್ನು ಬಾಗಿಸಿ, ಕೈಯಲ್ಲಿ ಭರ್ಜಿಯನ್ನು ಸಿದ್ಧವಾಗಿಟ್ಟುಕೊಂಡು, ಸೀಲ್ ಮೇಲೆ ಬರುವ ಆ ಒಂದು ಗಳಿಗೆಗಾಗಿ ಕೆಲವೊಮ್ಮೆ ಇಡೀ ಹಗಲು ಕಾಯುತ್ತಿದ್ದನು. ಇಂಥ ತಪಸ್ಸಿಗೆ ತಕ್ಕ ಉಡುಪನ್ನು ಒದಗಿಸಿದ ಪ್ರಾಣಿ ಕ್ಯಾರಿಬೂ, ಅಂದರೆ ಆ ಖಂಡದ ಕಾಡು ಹಿಮಸಾರಂಗ. ಅದರ ಮೇಲುಗೂದಲಿನ ಒಡಲಿನಲ್ಲಿ ಗಾಳಿ ತುಂಬಿದ ಕೋಶಗಳು ಇರುವುದರಿಂದ ಅದರ ತೊಗಲು ಹಗುರವಾಗಿಯೂ ಶಾಖಧಾರಕವಾಗಿಯೂ ಇರುತ್ತದೆ. ಬೇಸಗೆ ಮುಗಿಯುತ್ತ ಶರತ್ಕಾಲ ಕಾಲಿಡುವ ಹೊತ್ತಿನ ತೊಗಲು ಉಡುಪಿಗೆ ಶ್ರೇಷ್ಠ. ಕಡುಚಳಿಗಾಲದ್ದು ವಿಪರೀತ ದಪ್ಪನಾಗಿ ಹಾಸಿಗೆಗೆ ಮಾತ್ರ ತಕ್ಕುದಾಗುವುದು.

ಈ ತೊಗಲಿನಿಂದ ಎರಡು ಅಂಗಿಗಳು. ಒಳಗಿನದಕ್ಕೆ ಅತಿಗಿ ಎಂದು ಹೆಸರು. ಅದರ ತುಪ್ಪಟ ಮೈಗೆ ತಾಗುವಂತೆ ಒಳಮುಖವಾಗಿರುತ್ತದೆ. ಹೊರಗಿನದು ಕುಲಿತಾಕ್, ಅದರ ತುಪ್ಪಟ ಹೊರಮುಖ. ಎರಡರ ನಡುವೆ ಗಾಳಿಗೆ ಅವಕಾಶ. ಎರಡೂ ಸಡಿಲವಾದವು, ಎದುರಿನಲ್ಲಿ ಸೀಳು ಗುಂಡಿಗಳಿಲ್ಲದೆ ತಲೆಯ ಮೇಲಿನಿಂದ ಇಳಿಬಿಟ್ಟುಕೊಳ್ಳುವಂಥವು. ಬಿಸಿಗಾಳಿಯು ಮೇಲಕ್ಕೇರುವ ಸ್ವಭಾವದ್ದಾದ್ದರಿಂದ ಅಂಗಿಗೆ ಸೇರಿದ ಕುಲಾವಿಯನ್ನು ಹಿಂದಕ್ಕೆ ತಳ್ಳಿ ಕತ್ತನ್ನು ಸಡಿಲಿಸಿದರೆ ಸಾಕು, ಓಡಿ ಬೆವರುವ ಮೈಯ ಹಬೆ ಕತ್ತಿನ ಹಾದಿಯಿಂದ ಹೊರಟುಹೋಗುವುದು. ಮತ್ತೆ ಮುಚ್ಚಿಕೊಂಡರೆ ಶಾಖವು ಒಳಗೇ ನಿಲ್ಲುವುದು. ತೋಳುಗಳು ಎಷ್ಟು ಅಗಲವೆಂದರೆ ಬೆರಳು ಜೋಮು ಹಿಡಿದಾಗ ಕೈಯನ್ನೇ ಒಳಕ್ಕೆಳೆದುಕೊಂಡು ಎದೆಗೆ ಒತ್ತಿಕೊಳ್ಳಬಹುದು. ಕುಲಾವಿಯ ಅಂಚಿಗೆ ವುಲ್ವರೀನ್ ಎಂಬ ಮೃಗದ ತುಪ್ಪಟವನ್ನು ಆರಿಸುತ್ತಿದ್ದುದೂ ಸುಮ್ಮನೆ ಅಲಂಕಾರಕ್ಕಲ್ಲ; ಉಸಿರಿನ ಹಬೆ ಅಲ್ಲಿ ಹಿಮದ ಪುಡಿಯಾಗಿ ಕೂತರೂ ಅದು ಕೂದಲಿಗೆ ಅಂಟದೆ ಕೈಯಿಂದ ತಟ್ಟಿದೊಡನೆ ಉದುರುತ್ತದೆ. ನೀರಿನ ಸಹವಾಸವಿರುವ ಪಾದರಕ್ಷೆಗೆ ಸೀಲ್ ಚರ್ಮ. ಹೊಲಿಗೆಗೆ ಪ್ರಾಣಿಯ ಸ್ನಾಯುರಜ್ಜುವಿನ ದಾರ, ಏಕೆಂದರೆ ಒದ್ದೆಯಾದಾಗ ಅದು ಉಬ್ಬಿ ಸೂಜಿಯ ತೂತನ್ನು ತಾನೇ ಮುಚ್ಚುವುದು.

ಇಷ್ಟಾದರೂ ಈ ಉಡುಪು ತಾನಾಗಿ ಚಿರಾಯುವಲ್ಲ. ಕ್ಯಾರಿಬೂ ಕೂದಲು ಮುರುಕು ಸ್ವಭಾವದ್ದು. ಬೇಟೆಗಾರನ ಅಂಗಿ ಒಂದೆರಡು ಋತುಗಳಲ್ಲಿಯೇ ಬೋಳಾಗುತ್ತ ಬರುವುದು. ಆ ಅಷ್ಟು ಕಾಲವಾದರೂ ಅದು ಬಾಳಿದ್ದು ಮನೆಯ ಹೆಣ್ಣುಮಕ್ಕಳ ದೆಸೆಯಿಂದ. ಹಿಮಗೃಹವನ್ನು ಹೊಗುವ ಮುನ್ನ ಅಂಗಿಗೆ ಹತ್ತಿದ ಹಿಮವನ್ನು ಕೋಲಿನಿಂದ ಬಡಿದು ಕೊಡಹುವುದು, ಸೀಲ್ ಎಣ್ಣೆಯ ದೀಪದ ಮೇಲೆ ಕಟ್ಟಿದ ಅಟ್ಟಣೆಯಲ್ಲಿ ಅದನ್ನು ಇಡೀ ರಾತ್ರಿ ಒಣಗಿಸುವುದು, ಗಡುಸಾದ ಪಾದರಕ್ಷೆಯ ಅಟ್ಟೆಯನ್ನು ಹಲ್ಲಿನಿಂದ ಅಗಿದು ಮೆದುಮಾಡುವುದು, ಬಿಚ್ಚಿದ ಹೊಲಿಗೆಯನ್ನು ಅಂದಂದೇ ಮರಳಿ ಹಾಕುವುದು, ಇವು ಅಲ್ಲಿನ ನಿತ್ಯಕರ್ಮಗಳಾಗಿದ್ದವು. ಬೇಟೆಗಾರನ ಹೆಸರು ಊರಲ್ಲಿ ಮೆರೆದರೂ, ಅವನನ್ನು ಜೀವಸಹಿತ ಮರಳಿ ಕರೆತರುತ್ತಿದ್ದುದು ಬಹುಮಟ್ಟಿಗೆ ಹೆಂಡತಿಯ ಸೂಜಿ.

ಈ ವಿದ್ಯೆಯನ್ನು ಕಣ್ಣಾರೆ ಕಂಡು ಕಲಿತ ಐರೋಪ್ಯರಲ್ಲಿ ನಾರ್ವೆ ದೇಶದ ರೋಲ್ಡ್ ಅಮುಂಡ್‌ಸೆನ್ ಪ್ರಮುಖ. 1903ರಿಂದ 1905ರವರೆಗೆ ತನ್ನ ಯೋವಾ ಎಂಬ ಪುಟ್ಟ ಹಡಗಿನೊಡನೆ ಕಿಂಗ್ ವಿಲಿಯಂ ದ್ವೀಪದಲ್ಲಿ ಎರಡು ಚಳಿಗಾಲಗಳನ್ನು ಕಳೆದ ಆತ, ನೆಟ್ಸಿಲಿಕ್ ಜನರ ತೊಗಲಿನ ಉಡುಪನ್ನೂ ಅದನ್ನು ಸಡಿಲವಾಗಿ ತೊಡುವ ಕ್ರಮವನ್ನೂ ಅಭ್ಯಾಸ ಮಾಡಿ, ಮುಂದೆ ದಕ್ಷಿಣಧ್ರುವದ ಯಾತ್ರೆಗೆ ಅದೇ ಮಾದರಿಯ ಉಡುಪನ್ನು ಒಯ್ದನು. 1911ರ ಡಿಸೆಂಬರ್ 14ರಂದು ಆತ ಧ್ರುವವನ್ನು ಮುಟ್ಟಿದ ಮೇಲೆ ಒಂದು ತಿಂಗಳಿಗೆ ಸ್ವಲ್ಪ ಮಿಕ್ಕ ಕಾಲದಲ್ಲಿ, 1912ರ ಜನವರಿ 17ರಂದು, ಅಲ್ಲಿಗೆ ಸೇರಿದ ಬ್ರಿಟನ್ನಿನ ಕ್ಯಾಪ್ಟನ್ ಸ್ಕಾಟ್‌ನ ತಂಡ ಉಣ್ಣೆಯ ಮೇಲೆ ಗ್ಯಾಬರ್ಡೀನ್ ಎಂಬ ಒತ್ತಾದ ನೇಯ್ಗೆಯ ಗಾಳಿಯಂಗಿಯನ್ನು ತೊಟ್ಟಿತ್ತು. ಮರಳುವ ದಾರಿಯಲ್ಲಿ ಆ ತಂಡದವರೆಲ್ಲರೂ ಮಡಿದರು. ಸ್ಕಾಟ್‌ನ ದುರಂತಕ್ಕೆ ಉಡುಪೊಂದನ್ನೇ ಹೊಣೆಯಾಗಿಸುವುದು ಅನ್ಯಾಯ. ಆಹಾರದ ಕೊರತೆ, ನಾಯಿಗಳನ್ನು ನೆಚ್ಚದೆ ಮನುಷ್ಯರೇ ಜಾರುಬಂಡಿಯನ್ನು ಎಳೆದದ್ದು, ಹವೆಯ ಪ್ರಕೋಪ, ಹೀಗೆ ಕಾರಣಗಳು ಹಲವು. ಆದರೆ ಬಂಡಿಯನ್ನು ಎಳೆಯುವವನು ಬೆವರುತ್ತಾನೆ, ಬೆವರಿದವನ ಬಟ್ಟೆ ಹೆಪ್ಪುಗಟ್ಟುತ್ತದೆ ಎಂಬುದಕ್ಕೆ ಅದೇ ಯಾತ್ರೆಯ ಮತ್ತೊಬ್ಬ ಸದಸ್ಯ ಚೆರಿ ಗ್ಯಾರಾರ್ಡ್ ಪ್ರತ್ಯಕ್ಷ ಸಾಕ್ಷಿ. 1911ರ ನಡುಚಳಿಗಾಲದಲ್ಲಿ ಇಬ್ಬರು ಸಂಗಾತಿಗಳೊಡನೆ ಪೆಂಗ್ವಿನ್ ಮೊಟ್ಟೆಗಳನ್ನು ತರಲು ಹೊರಟ ಆತ, ಒಂದು ಬೆಳಗ್ಗೆ ಗುಡಾರದಿಂದ ಹೊರಬಂದು ಸುತ್ತ ನೋಡಲೆಂದು ತಲೆಯೆತ್ತಿದಾಗ, ಹಿಂದಿನ ದಿನಗಳ ಬೆವರನ್ನು ಹೀರಿದ ಬಟ್ಟೆ ಕೆಲವೇ ಕ್ಷಣಗಳಲ್ಲಿ ಕಲ್ಲಾಗಿ, ತಲೆಯನ್ನು ಮರಳಿ ಇಳಿಸಲಾಗದೆ ಗಂಟೆಗಟ್ಟಲೆ ಹಾಗೆಯೇ ಬಂಡಿ ಎಳೆಯಬೇಕಾಯಿತು. ಅವರ ಮಲಗುವ ಚೀಲಗಳು ಒಳಗೇ ಮಂಜು ಕಟ್ಟಿಕೊಂಡು, ಹಿಂತಿರುಗುವ ವೇಳೆಗೆ ತೂಕದಲ್ಲಿ ದುಪ್ಪಟ್ಟಿಗೂ ಮಿಕ್ಕಿದ್ದವು.

ಇಂದಿನ ಬೇಟೆಗಾರರೆಲ್ಲರೂ ತೊಗಲನ್ನು ತೊಡುವರೆಂದಲ್ಲ. ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್, ಮಿಷಿಗನ್ ಮುಂತಾದ ಸೀಮೆಗಳಲ್ಲಿ ನವೆಂಬರ್ ತಿಂಗಳ ಜಿಂಕೆ ಬೇಟೆಗೆ ಪರವಾನಗಿ ಪಡೆದು ಹೋಗುವವರು ಮರಕ್ಕೆ ಕಟ್ಟಿದ ಅಟ್ಟಣೆಯ ಮೇಲೆ ಕಾದು ಕೂರುತ್ತಾರೆ. ಅಂಗಡಿಗಳಲ್ಲಿ ಅವರಿಗಾಗಿ ಬಟ್ಟೆಗಳ ಬೆಟ್ಟವೇ ಇದೆ. ಹೆಸರು ಸಾವಿರವಿದ್ದರೂ ಅವೆಲ್ಲ ಮೂರು ಕೆಲಸಗಳಿಗೆ ಹಂಚಿಕೊಂಡವು: ಮೈಗೆ ತಾಗಿದ ಪದರ ಬೆವರನ್ನು ಎಳೆದುಕೊಳ್ಳಬೇಕು, ನಡುವಿನದು ಗಾಳಿಯನ್ನು ಹಿಡಿಯಬೇಕು, ಹೊರಗಿನದು ಬೀಸುಗಾಳಿಯನ್ನೂ ಹಿಮವನ್ನೂ ಮುಳ್ಳನ್ನೂ ತಡೆಯಬೇಕು. ಇವುಗಳಲ್ಲಿ ಕೊಳ್ಳುವವರು ಅತ್ಯಂತ ಉದಾಸೀನ ಮಾಡುವುದು ಮೊದಲನೆಯದನ್ನು, ಅದು ಯಾರ ಕಣ್ಣಿಗೂ ಬೀಳದ ಕಾರಣದಿಂದ. ನನ್ನ ಅಭಿಪ್ರಾಯದಲ್ಲಿ ಹಣವನ್ನು ಮೊದಲು ಸುರಿಯಬೇಕಾದದ್ದು ಅಲ್ಲಿಯೇ.

ಹತ್ತಿ ನೀರನ್ನು ಕುಡಿದು ಬಿಡದು. ಒದ್ದೆಯಾದಾಗ ಎಳೆಗಳು ಕುಸಿದು ಮೈಗೆ ಅಂಟುವುದರಿಂದ ಗಾಳಿಗೆ ಎಡೆಯೇ ಉಳಿಯದು. ನಮ್ಮ ಸೆಕೆಯಲ್ಲಿ ಹತ್ತಿಯನ್ನು ಅಮೃತಪ್ರಾಯವಾಗಿಸುವ ಈ ಗುಣವೇ ಹಿಮದಲ್ಲಿ ವಿಷವಾಗುವುದು. ಪಾಲಿಯೆಸ್ಟರ್ ತನ್ನ ಎಳೆಯೊಳಕ್ಕೆ ನೀರನ್ನು ಸೇರಿಸಿಕೊಳ್ಳುವುದೇ ಇಲ್ಲವೆನ್ನಬಹುದು. ಬೇಗ ಒಣಗುವುದರಲ್ಲಿ ಅದಕ್ಕೆ ಸಾಟಿಯಿಲ್ಲ, ಆದರೆ ಎರಡು ದಿನ ತೊಟ್ಟರೆ ಅದರ ನಾತವನ್ನು ಜಿಂಕೆಯಿರಲಿ ಜೊತೆಗಾರನೂ ಸಹಿಸಲಾರ. ಉಣ್ಣೆಯ ರೀತಿಯೇ ಬೇರೆ. ಅದರ ಎಳೆಯ ಹೊರಮೈ ನೀರಿನ ಹನಿಯನ್ನು ಒಲ್ಲದು, ಒಳಮೈ ಆವಿಯನ್ನು ಬಯಸಿ ಸೆಳೆಯುವುದು; ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವವನ್ನು ಒಡಲಲ್ಲಿ ಅಡಗಿಸಿಕೊಂಡೂ ಮುಟ್ಟಿದವರಿಗೆ ಒದ್ದೆಯೆನಿಸದು, ಹಾಗೆ ಅಡಗಿಸಿಕೊಳ್ಳುವಾಗ ಕೊಂಚ ಶಾಖವನ್ನೂ ಬಿಡುಗಡೆ ಮಾಡುವುದು. ಮೈಗೆ ಚುಚ್ಚುವುದೆಂಬ ದೂರು ಎಳೆಯ ದಪ್ಪಕ್ಕೆ ಸಂಬಂಧಿಸಿದ್ದು: 30 ಮೈಕ್ರಾನಿಗಿಂತ ದಪ್ಪನಾದ ಎಳೆ ಚುಚ್ಚುವುದು, ಮೆರಿನೊ ಕುರಿಯ 20 ಮೈಕ್ರಾನಿಗಿಂತ ನವುರಾದ ಎಳೆ ಚುಚ್ಚದು. ನಾರ್ವೆಯ ಸೈನ್ಯಾಧಿಕಾರಿ ಹೆನ್ರಿಕ್ ಬ್ರೂನ್ ಎಂಬಾತ 1933ರಲ್ಲಿ ಹಳೆಯ ಮೀನುಬಲೆಯಿಂದ ಒಳಯಂಗಿಯನ್ನು ಮಾಡಿ ತೋರಿಸಿದನು. ಬಲೆಯ ಕಣ್ಣುಗಳಲ್ಲಿ ಗಾಳಿ ನಿಲ್ಲುವುದು, ಆವಿಗೆ ದಾರಿಯೂ ತೆರೆದಿರುವುದು. ನೋಡುವುದಕ್ಕೆ ಹಾಸ್ಯಾಸ್ಪದವಾದ ಆ ಬಲೆಯಂಗಿ ಇಂದಿಗೂ ಮಾರಾಟದಲ್ಲಿದೆ.

ನಡುವಿನ ಪದರದ ವಿಚಾರದಲ್ಲಿ ಹೆಚ್ಚು ಹೇಳತಕ್ಕದ್ದಿಲ್ಲ. ದಪ್ಪನೆಯದೊಂದಕ್ಕಿಂತ ತೆಳುವಾದವೆರಡು ಲೇಸು. ಬಾತಿನ ಮೃದುಗರಿ ತುಂಬಿದ ಅಂಗಿ ಹಗುರತನದಲ್ಲಿ ಅದ್ವಿತೀಯವಾದರೂ ಒದ್ದೆಯಾದಾಗ ಮುದ್ದೆಗಟ್ಟುವುದು. ಅಮೆರಿಕದ ಮಾಲ್ಡನ್ ಗಿರಣಿಯಿಂದ ಪ್ರಸಿದ್ಧಿಗೆ ಬಂದ ಫ್ಲೀಸ್ ಎಂಬ ಪಾಲಿಯೆಸ್ಟರ್ ಬಟ್ಟೆ ಬೇಗ ಒಣಗುವುದು, ಆದರೆ ಶಿಬಿರದ ಬೆಂಕಿಯ ಒಂದು ಕಿಡಿಗೆ ಕರಗಿ ತೂತಾಗುವುದು. ಉಣ್ಣೆಗೆ ಬೆಂಕಿ ಸುಲಭದಲ್ಲಿ ಹತ್ತದು.

ಬಾಳಿಕೆಯ ಪ್ರಶ್ನೆ ನಿಜವಾಗಿ ಏಳುವುದು ಹೊರಪದರದಲ್ಲಿ. ಗಾಳಿಗೆ ಅದು ಎಷ್ಟು ಅಡ್ಡಿಯಾಗಬಲ್ಲದೆಂಬುದೇ ಅದರ ಮೊದಲ ಪರೀಕ್ಷೆ. ಏಕೆಂದರೆ ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಹವೆಯಲ್ಲಿ ಗಂಟೆಗೆ 30 ಕಿಲೋಮೀಟರು ವೇಗದ ಗಾಳಿ ಬೀಸಿದರೆ ಮುಖಕ್ಕೆ ಅದು ಸುಮಾರು 20 ಡಿಗ್ರಿ ಕೆಳಗಿನ ಚಳಿಯಾಗಿಯೇ ತಟ್ಟುವುದು. ಆಲ್ಪ್ಸ್ ಪರ್ವತಗಳ ಜನರು ಉಣ್ಣೆಯ ಬಟ್ಟೆಯನ್ನು ಬಿಸಿನೀರು ಸಾಬೂನುಗಳಲ್ಲಿ ಮಿದಿದು ಮಿದಿದು, ನೇಯ್ಗೆಯ ಗೆರೆಯೂ ಕಾಣದಷ್ಟು ಒತ್ತಾಗಿ ಕುಗ್ಗಿಸಿ, ಲೋಡೆನ್ ಎಂಬ ಬಟ್ಟೆಯನ್ನು ಮಾಡಿಕೊಂಡರು. ಉತ್ತರ ಅಮೆರಿಕದ ಮಹಾಸರೋವರಗಳ ಪ್ರಾಂತದಲ್ಲಿ ಕಂಬಳಿಯನ್ನೇ ಕತ್ತರಿಸಿ ಹೊಲಿದ ಕೋಟಿನಿಂದ ಮ್ಯಾಕಿನಾ ಎಂಬ ದಪ್ಪ ಉಣ್ಣೆಯ ಅಂಗಿ ಬಳಕೆಗೆ ಬಂದು, ಮರಕಡಿಯುವವರ ಮೈಯಿಂದ ಬೇಟೆಗಾರರ ಮೈಗೆ ದಾಟಿತು. 1897ರಲ್ಲಿ, ಚಿನ್ನದ ಬೇಟೆಗೆ ಕ್ಲಾಂಡೈಕ್ ಕಡೆಗೆ ನುಗ್ಗುತ್ತಿದ್ದ ಜನರಿಗಾಗಿ ಸಿಯಾಟಲ್ ನಗರದಲ್ಲಿ ತೆರೆದ ಫಿಲ್ಸನ್ ಅಂಗಡಿ ಇಂದಿಗೂ ಅಂಥ ಅಂಗಿಗಳನ್ನು ಮಾರುತ್ತಿದೆ. ಇವೆಲ್ಲ ಭಾರವಾದವು, ಸಂಪೂರ್ಣ ಜಲನಿರೋಧಕವೂ ಅಲ್ಲ. ಆದರೆ ಮುಳ್ಳು ತರಚಿದರೆ ತೇಪೆ ಹಾಕಬಹುದು, ತಂದೆಯದು ಮಗನಿಗೆ ದಾಟಬಹುದು.

1969ರಲ್ಲಿ ಬಾಬ್ ಗೋರ್ ಎಂಬಾತ ಟೆಫ್ಲಾನ್ ವಸ್ತುವನ್ನು ಥಟ್ಟನೆ ಎಳೆದು ಹಿಗ್ಗಿಸಿ ಕಂಡುಕೊಂಡ ಸೂಕ್ಷ್ಮರಂಧ್ರಗಳ ಪೊರೆ ಈ ಕ್ಷೇತ್ರವನ್ನು ಬದಲಿಸಿತು. ಬೆವರಿನ ಆವಿಗೆ ದಾರಿ ಕೊಟ್ಟು ಮಳೆಯ ಹನಿಗೆ ಕೊಡದ ಆ ಗೋರ್‌ಟೆಕ್ಸ್ ಪೊರೆ ಒದ್ದೆಹಿಮಕ್ಕೂ ಮಳೆಗೂ ಉತ್ತಮವೇ ಸರಿ. ಆದರೆ ಬಟ್ಟೆಯ ಮೇಲೆ ನೀರು ಜಾರುವಂತೆ ಬಳಿದ ಲೇಪ ಸವೆದಾಗ ಹೊರಮೈ ನೀರು ಕುಡಿದು ಪೊರೆಯ ಉಸಿರು ಕಟ್ಟುವುದು; ಆ ಲೇಪಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಫ್ಲೋರಿನ್ ಸಂಯುಕ್ತಗಳು ಮಣ್ಣುನೀರುಗಳಲ್ಲಿ ಕೊಳೆಯದೆ ಉಳಿಯುವ ಕಾರಣ ಕ್ಯಾಲಿಫೋರ್ನಿಯಾದಂಥ ಪ್ರಾಂತಗಳು 2025ರಿಂದ ಉಡುಪುಗಳಲ್ಲಿ ಅವುಗಳನ್ನು ನಿಷೇಧಿಸಲಾರಂಭಿಸಿವೆ. ಇನ್ನೂ ಒಂದು ಮಾತು: ಇಂಥ ಬಟ್ಟೆ ಸರಸರನೆ ಸದ್ದು ಮಾಡುವುದು. ಹಿಮ ಬಿದ್ದ ಕಾಡಿನ ನಿಶ್ಶಬ್ದದಲ್ಲಿ ತೋಳು ಪಕ್ಕೆಗೆ ಉಜ್ಜಿದ ಸದ್ದೇ ಜಿಂಕೆಗೆ ಸಾಕು. ಉಣ್ಣೆ ಮೌನವಾಗಿರುವುದು, ಆದ್ದರಿಂದಲೇ ಹಳೆಯ ಬೇಟೆಗಾರರು ಅದನ್ನು ಬಿಟ್ಟುಕೊಟ್ಟಿಲ್ಲ. ಬಣ್ಣದ ವಿಚಾರದಲ್ಲಾದರೋ ನಮಗೆ ಆಶ್ಚರ್ಯವೆನಿಸುವ ಸಂಗತಿಯೊಂದಿದೆ: ಅಮೆರಿಕದ ಅನೇಕ ಪ್ರಾಂತಗಳಲ್ಲಿ ಬೇಟೆಗಾರನು ಕಣ್ಣು ಕುಕ್ಕುವ ಕಿತ್ತಳೆ ಬಣ್ಣವನ್ನು ತೊಡಲೇಬೇಕೆಂಬ ಕಾನೂನಿದೆ. ಜಿಂಕೆಯ ಕಣ್ಣು ಕೆಂಪು ಕಿತ್ತಳೆಗಳನ್ನು ನಮ್ಮಂತೆ ವಿಂಗಡಿಸದು. ಇನ್ನೊಬ್ಬ ಬೇಟೆಗಾರನ ಕಣ್ಣು ವಿಂಗಡಿಸುವುದು, ಪ್ರಾಣ ಉಳಿಯುವುದು. ಜಿಂಕೆ ಚೆನ್ನಾಗಿ ಕಾಣುವುದು ನೀಲಿಯನ್ನು. ಆದ್ದರಿಂದ ಬೇಟೆಗೆ ನೀಲಿ ಜೀನ್ಸ್ ತೊಡುವವನು ಎರಡು ತಪ್ಪುಗಳನ್ನು ಒಟ್ಟಿಗೆ ಮಾಡುತ್ತಾನೆ.

ಕಾಲಿನ ವಿಷಯದಲ್ಲಿ ಮೇನ್ ಪ್ರಾಂತದ ಲಿಯನ್ ಬೀನ್ ಎಂಬ ಬೇಟೆಗಾರನ ಕಥೆ ಪ್ರಸಿದ್ಧ. ಒದ್ದೆಗಾಲಿನಿಂದ ಬೇಸತ್ತ ಆತ ಕೆಳಗೆ ರಬ್ಬರು ಮೇಲೆ ಚರ್ಮ ಸೇರಿಸಿದ ಬೂಟನ್ನು 1912ರಲ್ಲಿ ಮಾರಲಾರಂಭಿಸಿದಾಗ, ಮೊದಲ ನೂರು ಜೊತೆಗಳಲ್ಲಿ ತೊಂಬತ್ತು ಹೊಲಿಗೆ ಕಿತ್ತು ಮರಳಿ ಬಂದವು. ಆತ ಎಲ್ಲರಿಗೂ ಹಣವನ್ನು ಹಿಂತಿರುಗಿಸಿ, ಸಾಲ ತಂದು ಬೂಟನ್ನು ಸರಿಪಡಿಸಿದನು. ಆ ಕಂಪೆನಿ ಇಂದಿಗೂ ಸವೆದ ಬೂಟಿಗೆ ಹೊಸ ತಳ ಹಾಕಿಕೊಡುತ್ತದೆ. ಕೊಳ್ಳುವವರು ನೆನಪಿಡಬೇಕಾದದ್ದು, ಬೂಟು ಒಂದು ಅಳತೆ ದೊಡ್ಡದಿರಲಿ. ಬಿಗಿದ ಬೂಟಿನೊಳಗೆ ಎರಡು ಕಾಲುಚೀಲ ತುರುಕಿದರೆ ರಕ್ತಸಂಚಾರ ಕುಗ್ಗಿ ಚಳಿ ಇಮ್ಮಡಿಸುವುದು. ಕೈಗೆ ಬೆರಳು ಬಿಡಿಯಾದ ಗವಸಿಗಿಂತ ಬೆರಳುಗಳು ಒಟ್ಟಿಗಿರುವ ಚೀಲಗವಸು ಬೆಚ್ಚಗೆ.

ಉಡುಪಿನಷ್ಟೇ ಮುಖ್ಯವಾದದ್ದು ಅದನ್ನು ಬಳಸುವ ಕ್ರಮ. ಅನುಭವಸ್ಥನು ಮನೆಯಿಂದ ಹೊರಡುವಾಗ ತುಸು ನಡುಗುತ್ತಲೇ ಹೊರಡುವನು. ದಪ್ಪನೆಯ ಅಂಗಿ ಬೆನ್ನಿನ ಚೀಲದಲ್ಲಿರುವುದು. ನಿಧಾನವಾಗಿ ನಡೆದು, ಅಟ್ಟಣೆಯ ಬಳಿ ಸೇರಿ, ಬೆವರಿದ ಒಳಯಂಗಿಯನ್ನು ಬದಲಿಸಿ, ಮೈ ತಣಿಯುವ ಮೊದಲೇ ದಪ್ಪ ಪದರಗಳನ್ನು ಏರಿಸುವನು. ಮೊದಲೇ ಎಲ್ಲವನ್ನೂ ತೊಟ್ಟು ಬಿರಬಿರನೆ ನಡೆದು ಬರುವವನು, ಎಷ್ಟು ಬೆಲೆಯ ಉಡುಪು ತೊಟ್ಟಿದ್ದರೂ, ಹೊತ್ತೇರುವ ಮುನ್ನ ಹಲ್ಲು ಕಡಿಯುತ್ತ ಮನೆಯ ದಾರಿ ಹಿಡಿಯುವನು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಮೃಗಯೆಯ ಮಾತೇ ಇಲ್ಲ, ಇರತಕ್ಕದ್ದೂ ಅಲ್ಲ. ಆದರೆ ಪದರಗಳ ಈ ತತ್ವಕ್ಕೆ ನಾವು ಅಪರಿಚಿತರಲ್ಲ. ಮಲೆನಾಡಿನ ಮಳೆಯಲ್ಲಿ ನಾಟಿಗೆ ಇಳಿಯುವ ರೈತನು ತಲೆಯ ಮೇಲಿಂದ ಇಳಿಬಿಟ್ಟುಕೊಳ್ಳುವ ಕಂಬಳಿಕೊಪ್ಪೆ ಒಂದು ಪರಿಪೂರ್ಣವಾದ ಹೊರಪದರ: ಹುಣಸೆಬೀಜದ ಗಂಜಿ ಹಾಕಿ ಗಡುಸು ಮಾಡಿದ ಒರಟು ಉಣ್ಣೆ, ನೀರು ಜಾರುವ ಇಳಿಜಾರು, ಅಡಿಯಲ್ಲಿ ಗಾಳಿಯಾಡುವ ಸಡಿಲ. ಕುರುಬರ ಮಗ್ಗದ ಆ ಕಂಬಳಿ ಮೈಗೆ ಚುಚ್ಚುವುದು ನಿಜ. ದಖನಿ ಕುರಿಯ ಎಳೆ ದಪ್ಪ, ಹೊರಗೆ ಹೊದೆಯುವುದಕ್ಕೇ ಅದು ಹುಟ್ಟಿದ್ದು.

ಈಗ ಬೆಂಗಳೂರು ಹುಬ್ಬಳ್ಳಿಗಳಿಂದ ನಮ್ಮ ತರುಣರು ಚಳಿಗಾಲದಲ್ಲಿ ಹಿಮಾಲಯದ ಚಾರಣಕ್ಕೆ ತಂಡ ತಂಡವಾಗಿ ಹೊರಡುತ್ತಾರೆ. ಮಕ್ಕಳು ಮೊಮ್ಮಕ್ಕಳನ್ನು ನೋಡಲೆಂದು ಹಿರಿಯರು ಮಿನ್ನೆಸೋಟ ಟೊರಾಂಟೊಗಳಿಗೆ ಡಿಸೆಂಬರಿನಲ್ಲಿ ಹೋಗಿ ಇಳಿಯುತ್ತಾರೆ. ಬೇಟೆಯಾಡದಿದ್ದರೂ ಬೇಟೆಗಾರನ ಬುದ್ಧಿ ಇವರಿಗೆ ಬೇಕಾದದ್ದೇ. ದುಬಾರಿ ಜಾಕೆಟ್ಟನ್ನು ಬಾಡಿಗೆಗೆ ತಂದರೂ ನಡೆಯುತ್ತದೆ. ಮೈಗೆ ತಾಗುವ ಒಂದು ಜೊತೆ ಒಳ್ಳೆಯ ಉಣ್ಣೆಯ ಒಳಯಂಗಿಯನ್ನೂ ಒಂದು ಜೊತೆ ಉಣ್ಣೆಯ ಕಾಲುಚೀಲವನ್ನೂ ಸ್ವಂತಕ್ಕೆ ಕೊಳ್ಳಿರಿ, ಬದಲಿಸಿಕೊಳ್ಳಲು ಇನ್ನೊಂದು ಜೊತೆಯನ್ನು ಚೀಲದಲ್ಲಿ ಒಣಗಿದಂತೆಯೇ ಇಟ್ಟುಕೊಳ್ಳಿರಿ, ಮತ್ತು ಹತ್ತಿಯ ಬನಿಯನ್ನುಗಳನ್ನು ದಯವಿಟ್ಟು ಊರಿನಲ್ಲಿಯೇ ಬಿಟ್ಟು ಹೊರಡಿರಿ.